ಬಣ್ಣ ತಪ್ಪು

ನೆಲ ಅಗೆದು ಹಳೆಯ ಊರುಗಳನ್ನು ಹೊರತೆಗೆಯುವುದು ನನ್ನ ಕಸುಬಾಗಿತ್ತು. ಒಂದೇ ಊರನ್ನು ಹನ್ನೊಂದು ವರ್ಷ ಅಗೆದಿದ್ದೇನೆ. ಎರಡು ಸಾವಿರ ವರ್ಷದ ಹಿಂದಿನ ಆ ಗೋಡೆಗಳಿಗೆ ಕೆಂಪು, ನೀಲಿ, ಹಳದಿ ಬಳಿದಿದ್ದರು. ಮಂಡಿಯೂರಿ ಕೂತು, ಮೆತ್ತನೆಯ ಬ್ರಷ್ಷಿನಿಂದ ಮಣ್ಣು ಸರಿಸಿ ಕಣ್ಣಾರೆ ಕಂಡವಳು ನಾನು. ಆ ಮಂಡಿ ಇವತ್ತಿಗೂ ನೋಯುತ್ತದೆ.

ಅದೇ ಊರಿನ ಬಗ್ಗೆ ಟಿವಿ ಧಾರಾವಾಹಿ ಮಾಡುತ್ತೇವೆ, ಸಲಹೆಗಾರರಾಗಿ ಬನ್ನಿ ಎಂದು ಕರೆದಾಗ ಕುಣಿದುಕೊಂಡು ಹೋದೆ. ಒಂದು ಸಲವಾದರೂ ಜನ ಆ ಬಣ್ಣ ನೋಡಲಿ ಎಂಬುದೊಂದೇ ಆಸೆ. ಸೆಟ್ಟಿನ ಪೇಂಟರ್ ಒಳ್ಳೆಯ ಮನುಷ್ಯ. ನಾನು ಕೊಟ್ಟ ಫೋಟೊಗಳನ್ನು ಪಕ್ಕದಲ್ಲಿಟ್ಟುಕೊಂಡು ನಾಲ್ಕು ದಿನ ಬಣ್ಣ ಕಲಸಿ ಇಡೀ ಬೀದಿಗೆ ಜೀವ ತಂದ. ಐದನೆಯ ದಿನ ನಿರ್ದೇಶಕರು ಬಂದು ಮೂಗು ಮುರಿದರು.

“ಮೇಡಂ, ಇದು ನಿನ್ನೆ ಕಟ್ಟಿದ ಮನೆ ಥರ ಇದೆ. ಹಳೇ ಕಾಲ ಅನ್ನಿಸ್ತಿಲ್ಲ.”

“ಅಲ್ಲಿದ್ದೋರಿಗೆ ಅದು ಹಳೇ ಕಾಲ ಆಗಿರ್ಲಿಲ್ಲ ಸಾರ್. ನಿನ್ನೆ ಕಟ್ಟಿದ ಮನೇನೇ ಆಗಿತ್ತು.”

ಕೋಣನ ಮುಂದೆ ಕಿನ್ನರಿ ಬಾರಿಸಿದಂತಾಯಿತು. ಮಧ್ಯಾಹ್ನದ ಹೊತ್ತಿಗೆ ಪೇಂಟರ್ ನನ್ನ ಮುಖ ನೋಡದೆ ಗೋಡೆಗಳಿಗೆಲ್ಲ ಬೂದಿ ಬಣ್ಣ ಹೊಡೆದ. ಮೇಲೆ ನಾಲ್ಕು ಚೀಲ ಧೂಳು ಚೆಲ್ಲಿದರು. ಆ ಕಾಲದಲ್ಲಿ ಕಸ ಗುಡಿಸುವವರೇ ಇರಲಿಲ್ಲವೇನೋ! ನನಗೆ ಮೈಯೆಲ್ಲ ಉರಿಯಿತು. ಆಗಲೇ ಎದ್ದು ಬರಬೇಕಿತ್ತು, ಬರಲಿಲ್ಲ. ನಿಮ್ಮ ಹೆಸರು ಮೊದಲಿಗೇ ದೊಡ್ಡ ಅಕ್ಷರದಲ್ಲಿ ಬರುತ್ತದೆ ಎಂದು ಅವರು ಸಮಾಧಾನ ಮಾಡಿದರು. ಮಣ್ಣು ಅಗೆದವರ ಹೆಸರು ಯಾರಿಗೆ ಗೊತ್ತಿರುತ್ತದೆ? ಆಸೆಗೆ ಬಿದ್ದೆ. ಎಲ್ಲ ಸರಿಯಾಗಿದೆ ಎಂಬ ಒಪ್ಪಿಗೆ ಪತ್ರಕ್ಕೆ ಬಾಯಿ ಮುಚ್ಚಿಕೊಂಡು ಸಹಿ ಹಾಕಿದೆ.

ಧಾರಾವಾಹಿ ಶುರುವಾಗಿ ಎರಡು ತಿಂಗಳಾಗಿತ್ತು. ಮೊಮ್ಮಗಳು ಶಾಲೆಯಿಂದ ಮುಖ ಊದಿಸಿಕೊಂಡು ಬಂದಳು. ಹಳೆಯ ಕಾಲದ ಊರಿನ ಚಿತ್ರ ಬರೆಯಿರಿ ಎಂದಿದ್ದರಂತೆ. ಚಿಕ್ಕಂದಿನಿಂದ ನನ್ನ ಬಾಯಲ್ಲಿ ಕೇಳಿದಂತೆಯೇ ಅವಳು ಕೆಂಪು ಗೋಡೆ, ನೀಲಿ ಕಂಬ ಬರೆದಿದ್ದಳು. ಟೀಚರ್ ಅಡ್ಡಗೆರೆ ಎಳೆದು ‘ಬಣ್ಣ ತಪ್ಪು, ಸರಿ ಮಾಡಿಕೊಂಡು ಬಾ’ ಎಂದು ಷರಾ ಹಾಕಿದ್ದರು. ನಾನು ರೇಗಿದೆ. ಇದು ನಮ್ಮಜ್ಜಿ ಕಂಡದ್ದು ಎಂದು ಹೇಳಬೇಕಿತ್ತು ಎಂದೆ.

“ಹೇಳ್ದೆ ಅಜ್ಜಿ. ಟಿವೀಲಿ ಎಲ್ಲಾ ಬೂದಿ ಬಣ್ಣಾನೇ ಇದೆ, ಅದ್ರಲ್ಲಿ ನಿಮ್ಮಜ್ಜಿ ಹೆಸರೇ ಹಾಕಿದಾರಲ್ಲ ಅಂದ್ರು.”

ಹನ್ನೊಂದು ವರ್ಷದ ನೋಟ್‌ಪುಸ್ತಕಗಳು ಎದುರಿನ ಕಪಾಟಿನಲ್ಲೇ ಇದ್ದವು. ಅವಳು ಡಬ್ಬಿಯಿಂದ ಬೂದಿ ಬಣ್ಣದ ಪೆನ್ಸಿಲ್ ಹುಡುಕಿ ತೆಗೆದು, ನನ್ನ ಪಕ್ಕದಲ್ಲೇ ಕೂತು ಕೆಂಪು ಗೋಡೆಯ ಮೇಲೆ ಉಜ್ಜತೊಡಗಿದಳು. ಯಾವ ಮುಖ ಇಟ್ಟುಕೊಂಡು ಬೇಡ ಎನ್ನಲಿ?