ಪಾರ್ಮುವತ್ ಓದಿದ ಹೆಸರು

ನಮ್ಮ ಊರು ನೋಡಲು ನೈರೋಬಿಯ ಕಾಲೇಜು ಮಕ್ಕಳ ವ್ಯಾನು ಬಂದಾಗ ನಾನು ಮನೆಯ ಮಾಡಿಗೆ ಸಗಣಿ ಮೆತ್ತುತ್ತಿದ್ದೆ. ಈ ವರ್ಷ ಇದು ಏಳನೆಯ ತಂಡ. ಕೈ ತೊಳೆದು, ಕೊರಳಿಗೆ ಮಣಿಸರ ಹಾಕಿಕೊಂಡು, ಹಾಡುವ ಹೆಂಗಸರ ಸಾಲಿನಲ್ಲಿ ನಿಂತೆ. ನಗಬೇಕು ಎಂದು ಮೊದಲೇ ಹೇಳಿರುತ್ತಾರೆ. ನಕ್ಕೆ. ಸೊಂಟ ಬಿದ್ದುಹೋಗುತ್ತಿತ್ತು.

ಬಂದವರಿಗೆಲ್ಲ ನಮ್ಮ ಕಡೆಯ ಹೆಸರು ಇಡುವುದುಂಟು. ಅದು ಪ್ರವಾಸ ನಡೆಸುವ ಪಾರ್ಮುವತ್‌ನ ಕೆಲಸ. ಅವನು ನನ್ನ ಗಂಡನ ಅಣ್ಣನ ಮಗ. ಎರಡು ವರ್ಷದ ಹಿಂದೆ ಊರಿನ ಹುಡುಗಿಯರೆಲ್ಲ ತಮಾಷೆಗೆ ತಮ್ಮ ತಮ್ಮ ಹೆಸರನ್ನು ಅವನ ಪುಸ್ತಕದಲ್ಲಿ ಬರೆದುಕೊಟ್ಟಿದ್ದರು. ಅದನ್ನೇ ನೋಡಿಕೊಂಡು ಒಬ್ಬೊಬ್ಬರ ತಲೆ ಮುಟ್ಟಿ ಓದುತ್ತಾನೆ. ಅವತ್ತು ನಸುಕಿನಿಂದ ವ್ಯಾನು ಓಡಿಸಿದವನಿಗೆ ಕಣ್ಣು ಎಳೆಯುತ್ತಿತ್ತು. ಐದನೆಯ ಹುಡುಗಿಯ ತಲೆಯ ಮೇಲೆ ಕೈಯಿಟ್ಟು ನನ್ನ ಮಗಳ ಹೆಸರು ಓದಿಬಿಟ್ಟ.

ನನ್ನ ಮಗಳು ಹೋಗಿ ಹನ್ನೊಂದು ತಿಂಗಳು. ಮೂರೇ ದಿನದ ಜ್ವರ. ಸತ್ತವರ ಹೆಸರನ್ನು ನಾವು ಬಾಯಲ್ಲಿ ಆಡುವುದಿಲ್ಲ. ನನ್ನನ್ನು ಅವಳ ತಾಯಿ ಎಂದೇ ಕರೆಯುತ್ತಿದ್ದವರು ಮರುದಿನದಿಂದ ಕಿರಿಯವನ ತಾಯಿ ಎನ್ನತೊಡಗಿದ್ದರು. ಹಾಡು ನಿಂತಿತು. ಯಾವಾಗಲೂ ಆ ಹೆಸರು ಬಿಟ್ಟು ಓದುವ ಪಾರ್ಮುವತ್‌ಗೆ ತಿಳಿಯಲೇ ಇಲ್ಲ, ಮುಂದಿನ ಹೆಸರಿಗೆ ಹೋದ. ಅಷ್ಟು ಜನರೆದುರು ತಿದ್ದುವುದಾದರೂ ಹೇಗೆ? ಯಾವ ಹೆಸರು ತಪ್ಪಾಯಿತೆಂದು ಹೇಳಲು ಅದೇ ಹೆಸರನ್ನು ಹೇಳಬೇಕು. ಹೆಂಗಸರು ಮತ್ತೆ ಹಾಡು ಎತ್ತಿಕೊಂಡರು.

ನನ್ನ ಹಣೆಬರಹ, ಆ ಹುಡುಗಿ ಉಳಿದುಕೊಳ್ಳಲು ಬಂದದ್ದೂ ನನ್ನ ಮನೆಗೇ. ಕಾರಿಮಿ ಅಂತ, ಮೇರು ಊರಿನ ಕಡೆಯವಳು. ಹಾಲು ಕರೆಯುತ್ತೇನೆಂದು ಬಂದು ಹಸುವಿನಿಂದ ಒದೆಸಿಕೊಂಡಳು. ಮರುದಿನ ಎಲ್ಲರ ಜೊತೆ ಸಿಂಹ ನೋಡಲು ಹೋಗಿ ಮೈತುಂಬ ಧೂಳು ಮಾಡಿಕೊಂಡು ಬಂದು, ಕಂಡದ್ದು ಬರೀ ಬಾಲ, ಉಳಿದದ್ದೆಲ್ಲ ಬೇರೆಯವರ ವ್ಯಾನುಗಳು ಎಂದಳು. ನನಗೆ ನಗು ಬಂತು. ಯಾರೂ ಹೇಳದೆ ನಾನು ನಕ್ಕು ಎಷ್ಟೋ ದಿನವಾಗಿತ್ತು.

ಊರಿನವರು ಅವಳನ್ನು ಕರೆಯಬೇಕಾದರೆ ಕೈಸನ್ನೆ ಮಾಡುತ್ತಿದ್ದರು. ಮೂರನೆಯ ಸಂಜೆ ಒಲೆಯ ಮುಂದೆ ಕೇಳಿದಳು.

"ಅವ್ವಾ, ಎಲ್ಲರನ್ನೂ ಹೆಸರು ಹಿಡಿದು ಕರೀತಾರೆ, ನನ್ನೊಬ್ಬಳನ್ನ ಬಿಟ್ಟು. ನಾನೇನಾದ್ರೂ ತಪ್ಪು ಮಾಡಿದ್ನಾ?"

ಇಲ್ಲ ಎಂದೆ.

ಅಷ್ಟರಲ್ಲಿ ಪಾರ್ಮುವತ್ ಹಾಲು ತುಂಬಿದ ಸೋರೆಬುರುಡೆ ಹಿಡಿದು ಬಂದ. ನನ್ನ ಅತ್ತೆ ಅವನನ್ನು ಪಕ್ಕಕ್ಕೆ ಕರೆದು ಚೆನ್ನಾಗಿ ಉಗಿದಿದ್ದಳು. ಅವನು ನನ್ನನ್ನು ಹೊರಗೆ ಕರೆದ. ಮುಖ ಎತ್ತಲಿಲ್ಲ.

"ಚಿಕ್ಕವ್ವ, ನನ್ನ ತಲೆಗೆ ಏನು ಬಡಿದಿತ್ತೋ. ಹಾಲು ಚಿಮುಕಿಸಿ ಬೇರೆ ಹೆಸರು ಇಡು ಅಂದಿದಾಳೆ ಅಜ್ಜಿ. ನೀನೇ ಒಂದು ಹೇಳು."

ಅದೇ ಸರಿಯಾದ ದಾರಿ. ಹಾಲು ಬಿದ್ದರೆ ಆ ಹೆಸರು ಮತ್ತೆ ಮಣ್ಣು ಸೇರುತ್ತದೆ, ಊರಿಗೆ ನೆಮ್ಮದಿ. ಹೂಂ ಅಂದುಬಿಟ್ಟಿದ್ದರೆ ನಾನೂ ಹೋಗಿ ಮಲಗಬಹುದಿತ್ತು. ಆದರೆ ಹದಿನೇಳು ವರ್ಷ ನಾನು ಬೆಳಗಾದರೆ ಕೂಗಿದ ಹೆಸರು ಅದು.

"ಬೇಡ," ಎಂದೆ. "ನಾಳೆ ಹೋಗ್ತಾಳಲ್ಲ, ಅದನ್ನ ತಗೊಂಡೇ ಹೋಗ್ಲಿ. ಇಲ್ಲಂತೂ ಅದಕ್ಕೆ ಜಾಗ ಇಲ್ಲ. ಅಲ್ಲಾದ್ರೂ ಯಾರಾದ್ರೂ ಕರೀತಾರೆ."

"ಅಜ್ಜಿಗೆ ಏನು ಹೇಳ್ಲಿ?"

"ನಾನು ಒಪ್ಪಲಿಲ್ಲ ಅಂತ ಹೇಳು."

ಅತ್ತೆ ಅವತ್ತು ನನ್ನ ಕೈಯ ಚಹಾ ಮುಟ್ಟಲಿಲ್ಲ.

ಬೆಳಿಗ್ಗೆ ವ್ಯಾನು ಹೊರಟು ನಿಂತಿತು. ಕಾರಿಮಿ ಇನ್ನೂ ಒಳಗೆ ಚೀಲ ಕಟ್ಟುತ್ತಿದ್ದಳು. ಅವಳ ಗೆಳತಿಯರಿಗೆ ನಮ್ಮ ಸಂಕಟ ಏನು ಗೊತ್ತು? ಕಿಟಕಿಯಿಂದ ತಲೆ ಹೊರಹಾಕಿ, ಮುಳ್ಳುಬೇಲಿಯಾಚೆಯಿಂದ ಆ ಹೆಸರನ್ನು ಒಟ್ಟಿಗೆ ಕೂಗಿದರು. ಒಮ್ಮೆ, ಮತ್ತೊಮ್ಮೆ. ಅಂಗಳದಲ್ಲಿದ್ದ ಹೆಂಗಸರು ನೆಲ ನೋಡಿದರು. ಅತ್ತೆ ಎದ್ದು ಒಳಗೆ ಹೋದಳು. ಕಾರಿಮಿ ಚೀಲ ಹೆಗಲಿಗೇರಿಸಿ, ಬಂದೆ ಎನ್ನಲು ಬಾಯಿ ತೆರೆದಳು. ನಾನು ಬಾಗಿಲಿಗೆ ಅಡ್ಡ ನಿಂತೆ.

"ಸ್ವಲ್ಪ ತಾಳು," ಎಂದೆ. "ಇನ್ನೊಂದ್ಸಲ ಕೂಗ್ಲಿ."