ನೋವು ನಿಂತ ಹಲ್ಲು

ವರ್ಕಾಡಿಯ ಪೆಟ್ರೋನಿಲ್ಲಾ ಬಾಯಿಯ ಮಗಳು ಅಪೊಲೋನಿಯಾಳಿಗೆ ಎಂಟು ವರ್ಷ. ಹಲ್ಲುನೋವಿನವರು ಮೊರೆ ಹೋಗುವ ಸಂತಮ್ಮನವರ ಹೆಸರನ್ನೇ ಅವಳಿಗೆ ಇಟ್ಟಿದ್ದರು. ಹುಡುಗಿ ಬಾವಿಕಟ್ಟೆಯಲ್ಲಿ ಜಾರಿ ಬಿದ್ದು ಮೇಲಿನ ಮುಂಹಲ್ಲನ್ನು ಅರ್ಧ ಮುರಿದುಕೊಂಡಳು. ತಣ್ಣೀರು ತಾಗಿದರೂ ಜೀವ ಹೋದಂತೆ ಅಳುತ್ತಿದ್ದಳು. ತಾಯಿ ಸಂತಮ್ಮನವರಿಗೆ ಹರಕೆ ಹೇಳಿ ಇಗರ್ಜಿಯಲ್ಲಿ ಮೇಣದ ಬತ್ತಿ ಹಚ್ಚಿದಳು. ಕೆಲವು ದಿನಗಳಲ್ಲಿ ನೋವು ನಿಂತೇಹೋಯಿತು. ತಮ್ಮ ಹೆಸರಿನ ಮಗುವನ್ನು ಅವರು ಕೈಬಿಡಲಿಲ್ಲವೆಂದು ತಾಯಿ ಕಣ್ಣೊರಸಿಕೊಂಡಳು.

ಮಳೆಗಾಲ ಕಳೆಯುವಷ್ಟರಲ್ಲಿ ಆ ಹಲ್ಲು ಬೂದುಬಣ್ಣಕ್ಕೆ ತಿರುಗಿತು. ಅದರ ಮೇಲಿನ ವಸಡಿನಲ್ಲಿ ಸಣ್ಣ ಗುಳ್ಳೆಯೊಂದು ಎದ್ದಿತು. ನೆರೆಮನೆಯ ರಾಜೀವಿ ಮಂಗಳೂರಿನ ಆಸ್ಪತ್ರೆಯೊಂದರಲ್ಲಿ ನರ್ಸು; ರಜೆಗೆ ಬಂದಿದ್ದಳು. ಮಗು ನಕ್ಕಾಗ ಗುಳ್ಳೆ ಅವಳ ಕಣ್ಣಿಗೆ ಬಿತ್ತು. ತಡಮಾಡದೆ ಹಲ್ಲಿನ ಡಾಕ್ಟರಿಗೆ ತೋರಿಸಿ ಎಂದಳು.

ಪೆಟ್ರೋನಿಲ್ಲಾಳಿಗೆ ಅದು ಹಿಡಿಸಲಿಲ್ಲ. "ನೋವೇ ಇಲ್ಲ ರಾಜೀವಕ್ಕ. ಹರಕೆ ಹೇಳಿ ಗುಣ ಆದ ಮೇಲೆ ಡಾಕ್ಟ್ರಲ್ಲಿಗೆ ಓಡಿದರೆ ಸಂತಮ್ಮನವರನ್ನು ನಂಬದ ಹಾಗೆ ಆಗುವುದಿಲ್ವಾ?"

ಜಗಲಿಯಲ್ಲಿದ್ದ ಗಂಡ ಸಾಲ್ವದೊರ್ ನಕ್ಕ. "ನೋವಿಲ್ಲದ ಹಲ್ಲಿಗೆ ಮಂಗಳೂರು ಬಸ್ಸು ಎಂತಕ್ಕೆ ಮಾರಾಯ್ತಿ? ಅದು ಬಿದ್ದು ಬೇರೆ ಬರ್ತದೆ."

ರಾಜೀವಿ ವಾದಕ್ಕೆ ನಿಲ್ಲಲಿಲ್ಲ. ಹತ್ತಿಯಿಂದ ಗುಳ್ಳೆಯನ್ನು ಮೆಲ್ಲಗೆ ಒತ್ತಿದಳು. ಕೀವು ಬಂತು. ಮಗು ಮಿಸುಕಲೂ ಇಲ್ಲ. ತಾಯಿ ಹತ್ತಿರ ಬಂದು ಬಗ್ಗಿ ನೋಡಿದಳು.

"ಹಾಲುಹಲ್ಲು ಬಿದ್ದು ಆಗಿದೆ ಪೊರ್ಬುಗಳೇ. ಇದು ಮುದುಕಿ ಆಗುವ ತನಕ ಇರಬೇಕಾದ ಹಲ್ಲು" ಎಂದಳು ರಾಜೀವಿ, ಸಾಲ್ವದೊರ್ ಕಡೆ ತಿರುಗಿ.

ಅವಳು ಅಂಗಳದಿಂದ ಪಪ್ಪಾಯಿ ಎಲೆಯ ದಂಟು ಮುರಿದು ತಂದು ಅದರ ಟೊಳ್ಳನ್ನು ತೋರಿಸಿದಳು. ಹೊಸ ಹಲ್ಲಿನ ಬೇರೂ ಹೀಗೆಯೇ, ಗೋಡೆ ತೆಳ್ಳಗೆ, ತುದಿ ತೆರೆದಿರುತ್ತದೆ. ಒಳಗಿನ ಜೀವಂತ ತಿರುಳು ಆ ಗೋಡೆಯನ್ನು ದಪ್ಪ ಮಾಡಿ ತುದಿಯನ್ನು ಕಿರಿದುಗೊಳಿಸಬೇಕು. ಹಲ್ಲು ಮೂಡಿದ ಮೇಲೂ ಅದಕ್ಕೆ ವರ್ಷಗಳು ಬೇಕು. ಮುರಿದಲ್ಲಿಂದ ನಂಜು ಹೊಕ್ಕರೆ ತಿರುಳು ಸಾಯುತ್ತದೆ, ಬೇರು ಅರ್ಧಕ್ಕೇ ನಿಲ್ಲುತ್ತದೆ, ತೆರೆದ ತುದಿಯಿಂದ ನಂಜು ಸುತ್ತಲ ಎಲುಬನ್ನೂ ತಿನ್ನುತ್ತದೆ.

"ಗುಣ ಆಗಿ ನೋವು ಹೋದದ್ದಲ್ಲ ಪೆಟ್ರೋನಿಲ್ಲಾ ಬಾಯಿ. ನೋವು ತಿಳಿಯುವ ಜೀವವೇ ಒಳಗೆ ಸತ್ತಿದೆ. ಬೇರಿನ ತುದಿಯಲ್ಲಿ ಸ್ವಲ್ಪ ಉಳಿದಿರಲೂಬಹುದು. ಅದನ್ನಾದರೂ ಉಳಿಸಿಕೊಳ್ಳುವ."

ಪೆಟ್ರೋನಿಲ್ಲಾ ಮಗುವಿನ ತುಟಿ ಎತ್ತಿ ಆ ಬೂದು ಹಲ್ಲನ್ನು ನೋಡಿದಳು. ಆಮೇಲೆ ಗಂಡನ ಕಡೆ ತಿರುಗಿದಳು. "ನೋವು ನಿಲ್ಲಲಿ ಅಂತ ಮಾತ್ರ ನಾನು ಬೇಡಿದ್ದು. ಹಲ್ಲು ಉಳಿಯಲಿ ಅಂತ ಕೇಳಲೇ ಇಲ್ಲ. ನಾಳೆ ಬಸ್ಸಿಗೆ ಹೋಗುವ."

ಸಾಲ್ವದೊರ್ ಈ ಸಲ ನಗಲಿಲ್ಲ. ಒಗೆದ ಅಂಗಿ ಎಲ್ಲಿದೆ ಎಂದು ಕೇಳಿದ.

ಡಾಕ್ಟರು ಎಕ್ಸ್‌ರೇ ತೆಗೆದರು. ಹಲ್ಲನ್ನು ಕೀಳದೆ, ಬೇರಿನೊಳಗಿನ ಕೀವು ತೊಳೆದು ಮದ್ದಿಟ್ಟರು. ಮುರಿದ ಕೂಡಲೇ ಬಂದಿದ್ದರೆ ತಿರುಳನ್ನೇ ಉಳಿಸಬಹುದಿತ್ತು ಎಂದರು. ಎಷ್ಟೋ ಸಲ ಹೋಗಿ ಬರಬೇಕಾಯಿತು. ಗುಳ್ಳೆ ಬತ್ತಿತು. ಮರುವರ್ಷದ ಎಕ್ಸ್‌ರೇಯಲ್ಲಿ ಬೇರಿನ ತುದಿ ಮುಚ್ಚಿಕೊಳ್ಳುತ್ತ ಬಂದಿತ್ತು. ಗೋಡೆ ಮಾತ್ರ ತೆಳ್ಳಗೇ ಉಳಿಯಿತು. ಅಪೊಲೋನಿಯಾ ಇಂದಿಗೂ ಕಬ್ಬನ್ನು ಮುಂಹಲ್ಲಿನಿಂದ ಸಿಗಿಯುವಂತಿಲ್ಲ. ಆದರೆ ಅವಳು ಬಾಯಿ ತುಂಬ ನಗುತ್ತಾಳೆ.

ತಾಯಂದಿರೇ, ತಂದೆಯರೇ, ಮಗುವಿನ ಹೊಸ ಹಲ್ಲು ಮುರಿದರೆ, ಹುಳುಕಾದರೆ, ಬಣ್ಣ ಕೆಟ್ಟರೆ, ವಸಡಿನಲ್ಲಿ ಗುಳ್ಳೆ ಎದ್ದರೆ, ನೋವಿಲ್ಲವೆಂದು ಸುಮ್ಮನಿರಬೇಡಿ. ದೇವರು ಹಲ್ಲು ಕೊಡುವುದು ಎರಡೇ ಸಲ. ಗುಡಿಯೋ ಇಗರ್ಜಿಯೋ ಮಸೀದಿಯೋ, ನೀವು ನಂಬಿದಲ್ಲಿ ಕೈಮುಗಿಯಿರಿ. ಆ ಪ್ರಾರ್ಥನೆಯನ್ನು ಹೇಳುತ್ತಲೇ ಮಗುವಿನ ಕೈಹಿಡಿದು ಬಸ್ಸು ಹತ್ತಿರಿ.