ಮುಂದಿನ ಗಾಲಿ

"ಟೈರ ಬೋಳ ಆಗೇತಂತ ಅಳಾಕ ಬಂದೀಯೇನಲೇ, ಸೂಳಿಮಗನ? ನಿಮ್ಮಪ್ಪ ಹುಟ್ಟಾ ಬರಿಗಾಲಿಲೆ ಅಡ್ಡಾಡಿದಾಂವ. ಅವನ ಅಂಗಾಲು ಸವದಿಲ್ಲೇನು? ಸತ್ತನೇನು?"

ಖಂಡೆಪ್ಪ ಸಾವಕಾರ ಪಡಸಾಲೆಯ ಜೋಕಾಲಿಯಲ್ಲಿ ಕೂತು ಚಹಾವನ್ನು ಬಸಿಗೆ ಸುರುವಿಕೊಳ್ಳುತ್ತಿದ್ದ. ಕೆಳಗೆ ಅಂಗಳದಲ್ಲಿ ಮುತ್ತುರಾಜ ಮೋಟರ್‌ಸೈಕಲ್ಲಿನ ಹ್ಯಾಂಡಲ್ ಹಿಡಿದು ನಿಂತಿದ್ದ. ಅವನ ಹಿಂದೆ, ಲಿಂಬೆಯ ಬುಟ್ಟಿಯನ್ನು ಸೊಂಟಕ್ಕೆ ಆನಿಸಿಕೊಂಡು, ತಾಯಿ ಸಾವಿತ್ರವ್ವ. ಗಾಡಿ ಸಾವಕಾರನದು. ಹೊರ್ತಿಯ ಅವನ ತೋಟದಿಂದ ಇಂಡಿಯ ಮಾರುಕಟ್ಟೆಗೆ ದಿನಾ ಲಿಂಬೆಯ ಚೀಲ ಮುಟ್ಟಿಸುವುದು ಮುತ್ತುರಾಜನ ಕೆಲಸ.

"ಹಂಗಲ್ರಿ ಧಣಿ. ಎರಡೂ ಸವದಾವ್ರಿ. ನೋಡ್ರಿಲ್ಲೆ, ಒಳಗಿನ ನೂಲ ಕಾಣಾಕತ್ತೈತಿ. ಮಳಿಯಾಗ ಬ್ರೇಕ ಹಿಡದ್ರ ನಿಲ್ಲಂಗಿಲ್ರಿ, ಜಾರತೈತಿ."

"ಹಿಡೀಬ್ಯಾಡ."

ಪಡಸಾಲೆಯಲ್ಲಿದ್ದವರೆಲ್ಲ ನಕ್ಕರು. ನಗು ಮುಗಿದ ಮೇಲೆ ಸಾವಕಾರ ದನದ ಕೊಟ್ಟಿಗೆಯತ್ತ ಬೆರಳು ತೋರಿಸಿದ.

"ನಮ್ಮ ಹುಡುಗ ಕಲ್ಮೇಶನ ಗಾಡಿದು ಬಿಚ್ಚಿ ಒಗದದ್ದೊಂದು ಅಲ್ಲೆ ಬಿದ್ದೈತಿ, ಒಯ್ಯಿ. ಅವನ ಹಳೇ ಅಂಗಿ ತೊಟಗೊಂಡು ಬೆಳದಾಂವ ನೀನು. ಹಳೇ ಟೈರ ಆಗಂಗಿಲ್ಲೇನು?"

"ಒಂದ ಐತಲ್ರಿ..."

ಸಾವಕಾರ ಎದ್ದು ಬಂದು ಸಾವಿತ್ರವ್ವನ ಬುಟ್ಟಿಯಿಂದಲೇ ಒಂದು ಲಿಂಬೆಕಾಯಿ ಎತ್ತಿ, ಮುತ್ತುರಾಜನ ಕಾಲ ಬಳಿ ಒಗೆದ. "ನಾಳಿ ಅಮಾಸಿ. ಉಳದ ಗಾಲಿಗೆ ಇದನ್ನ ತುಳಿಸು. ಏನೂ ಆಗಂಗಿಲ್ಲ."

ಟೈರು ಒಂದು, ಗಾಲಿ ಎರಡು. ಆವತ್ತು ಸಂಜೆ ಗುಡಿಸಲ ಮುಂದೆ ಅಪ್ಪ ಮಾನಪ್ಪ ನಟ್ಟು ಬಿಚ್ಚುವ ಪಾನಾ ಹಿಡಿದು ಕುಕ್ಕರುಗಾಲಲ್ಲಿ ಕೂತ. ಸಾವಿತ್ರವ್ವ ಗಾಡಿ ವಾಲದಂತೆ ಹಿಡಿದುಕೊಂಡಳು.

"ಹಿಂದ ಹಾಕೂಣು," ಅಂದ ಮಾನಪ್ಪ. "ವಜ್ಜಿ ಇರೂದ ಹಿಂದ. ಹಾದ್ಯಾಗ ಟೈರ ಒಡದು ಚೀಲ ಬಿತ್ತಂದ್ರ ಆ ಹಲ್ಕಟ್ಟ ನಮ್ಮ ಮೂರೂ ಮಂದಿ ಪಗಾರ ಹಿಡೀತಾನ."

"ಯಪ್ಪಾ, ನಾ ಮುಂದ ಕುಂಡರತೇನಿ," ಎಂದು ಮುತ್ತುರಾಜ ನಕ್ಕ. "ಆಗ್ಲಿ ಬಿಡು. ಲಿಂಬಿ ಕುಂಡರಲಿ ಒಳ್ಳೇ ಟೈರಿನ ಮ್ಯಾಲ. ಲಿಂಬಿಗಿ ಮಾಲಕ ಅದಾನ."

ಹೊರ್ತಿಯಿಂದ ಲಿಂಬೆ ಒಯ್ಯುವ ಹುಡುಗರೆಲ್ಲ ಹಾಗೇ ಮಾಡುತ್ತಿದ್ದರು. ಮಾಲಿಗೆ ಒಳ್ಳೆಯ ಟೈರು, ತಮಗೆ ಉಳಿದದ್ದು. ಚೀಲ ಹಿಂದೆ ಭಾರವಾದಷ್ಟೂ ಮುಂದಿನ ಗಾಲಿ ಹಗುರಾಗುತ್ತದೆ, ನೆಲದ ಮೇಲಿನ ಹಿಡಿತ ಸಡಿಲುತ್ತದೆ. ಅದು ಹ್ಯಾಂಡಲ್ ಹಿಡಿದವನ ಅಂಗೈಗೆ ಮಾತ್ರ ಗೊತ್ತಾಗುವ ಸಂಗತಿ. ಮಾನಪ್ಪ ಗಾಡಿ ಹೊಡೆಯಲು ಬಲ್ಲವನಾದರೂ ಎಂದೂ ಲಿಂಬೆ ಹೇರಿಕೊಂಡು ಹೋದವನಲ್ಲ.

ಸೀಗಿ ಹುಣ್ಣಿಮೆ ಹತ್ತಿರ ಬಂದಾಗ ಮಳೆ ಮರಳಿ ಹಿಡಿಯಿತು. ಹೊಲದಿಂದ ಹೊರಬಿದ್ದ ಟ್ರ್ಯಾಕ್ಟರುಗಳು ಡಾಂಬರಿನ ಮೇಲೆ ಎರೆಮಣ್ಣು ಮೆತ್ತಿ ಹೋದವು. ಮಳೆ ಅದನ್ನು ನುಣ್ಣಗೆ ಕಲಸಿ ಸವರಿತು.

ತೋಟದಲ್ಲಿ ಕಾಯಿ ಹರಿಯುತ್ತಿದ್ದ ಹೆಂಗಸರ ಬಳಿ ಸಾವಕಾರನೇ ಬಂದ. "ಹಾದ್ಯಾಗ ಚೀಲ ಬಿದ್ದಾವ. ಏಳ್ರಿ, ಬುಟ್ಟಿ ತಗೊಂಡು ಟಂಟಂ ಗಾಡಿ ಹತ್ರಿ."

ರಸ್ತೆಯ ತುಂಬ ಲಿಂಬೆ ಉರುಳಿತ್ತು. ಗಾಲಿಗೆ ಸಿಕ್ಕು ಒಡೆದ ಕಾಯಿಗಳ ಹುಳಿವಾಸನೆ ಮೂಗಿಗೆ ಅಡರಿತು. ಸಾವಿತ್ರವ್ವ ಒಂದೊಂದನ್ನೇ ಎತ್ತಿ, ಸೆರಗಿನಿಂದ ರಾಡಿ ಒರೆಸಿ ಬುಟ್ಟಿಗೆ ಹಾಕುತ್ತ ನಡೆದಳು. ಯಾರ ಗಾಡಿಯಿಂದ ಬಿದ್ದದ್ದೋ ಎಂದು ಕೇಳಲು ತಲೆ ಎತ್ತಿದರೆ, ಉಳಿದವರು ಆರಿಸುವುದನ್ನು ನಿಲ್ಲಿಸಿದ್ದರು. ಕಸ್ತೂರೆವ್ವ ಬಾಯಿಗೆ ಸೆರಗು ಒತ್ತಿಕೊಂಡು ಇವಳನ್ನೇ ನೋಡುತ್ತಿದ್ದಳು.

ತೆಗ್ಗಿನ ದಂಡೆಯಲ್ಲಿ, ಲಿಂಬೆಕಾಯಿಗಳ ನಡುವೆ ಒಂದು ಚಪ್ಪಲಿ ಬಿದ್ದಿತ್ತು. ಅದರ ಹರಿದ ಪಟ್ಟಿಯನ್ನು ನೀಲಿ ದಾರದಿಂದ ಹೊಲಿದವಳು ಅವಳೇ. ತೆಗ್ಗಿನೊಳಗೆ ಗಾಡಿ ಮಗುಚಿ ಬಿದ್ದಿತ್ತು. ಮುಂದಿನ ಗಾಲಿ ಮೇಲೆ ಮುಖ ಮಾಡಿ, ತೊಳೆದ ಹಲಗೆಯಂತೆ ನುಣ್ಣಗೆ ಹೊಳೆಯುತ್ತಿತ್ತು.

"ಧಣಿ, ನನ್ನ ಮಗಾ ಎಲ್ಲಿ ಅದಾನ್ರಿ?"

"ಇಂಡಿ ದವಾಖಾನಿಗೆ ಒಯ್ದಾರ. ಹೋಗೀಯಂತ. ಮೊದಲ ಕಾಯಿ ಆರಸು, ಲಾರಿ ಬಂದ್ರ ಎಲ್ಲಾ ಹಿಂಡಿ ಆಗತಾವ."

ಅವಳ ಕೈ ಮತ್ತೊಂದು ಕಾಯಿ ಎತ್ತಿ ಬುಟ್ಟಿಗೆ ಹಾಕಿತು. ಆಮೇಲೆ ಇನ್ನೊಂದು. ಕೈಗೆ ಅದೊಂದೇ ಗೊತ್ತಿತ್ತು. ಕಸ್ತೂರೆವ್ವ ಬುಟ್ಟಿ ಕಸಿದುಕೊಂಡು ರಸ್ತೆಗೆ ಬೋರಲು ಹಾಕಿ, "ಓಡವ್ವಾ, ಓಡು!" ಎಂದು ಚೀರಿದ ಮೇಲೆಯೇ ಕಾಲು ಎದ್ದವು.

ಅವಳು ದವಾಖಾನೆ ಮುಟ್ಟುವಷ್ಟರಲ್ಲಿ ಮಗನ ಮುಖಕ್ಕೆ ಬಟ್ಟೆ ಎಳೆದಿದ್ದರು.

ಮೂರನೆಯ ದಿನ ಮಣ್ಣು ಕೊಟ್ಟ ಜಾಗದಲ್ಲಿ ಎಡೆ ಇಟ್ಟರು. ಸಜ್ಜಿರೊಟ್ಟಿ, ಪುಂಡಿಪಲ್ಯ, ಅವನು ಕುಡಿಯುತ್ತಿದ್ದ ಹಾಗೆ ಸಕ್ಕರೆ ಸುರಿದ ಚಹಾ. ಜಾಲಿಗಿಡದ ಮೇಲೆ ಕೂತ ಕಾಗೆ ಇಳಿಯಲಿಲ್ಲ. ಸತ್ತವರ ಆಸೆ ಉಳಿದಿದ್ದರೆ ಕಾಗೆ ಮುಟ್ಟುವುದಿಲ್ಲ.

"ಏನರ ಬೇಡಿದ್ದನೇನವ್ವಾ ಹುಡುಗ?" ಎಂದು ಹಿರಿಯ ಸೋಮನಿಂಗ ಕೇಳಿದ.

ಮಾನಪ್ಪ ತನ್ನ ಎರಡೂ ಅಂಗೈ ನೋಡುತ್ತ ಕೂತುಬಿಟ್ಟ. ಏನು ಬೇಡಿದ್ದನೆಂದು ಕೇರಿಗೆಲ್ಲ ಗೊತ್ತಿತ್ತು.

ವಾರ ಕಳೆಯುವುದರೊಳಗೆ ಸಾವಕಾರ ಇಬ್ಬರನ್ನೂ ಕರೆಸಿದ. ಅಂಗಳದಲ್ಲಿ ಅದೇ ಗಾಡಿ ನಿಂತಿತ್ತು. ಎರಡೂ ಟೈರು ಹೊಸವು. ರಬ್ಬರಿನ ಎಳೆಗೂದಲು ಇನ್ನೂ ನಿಮಿರಿಕೊಂಡಿದ್ದವು. ಪೂಜೆಗೆ ಬಂದ ಐನೋರು ಹ್ಯಾಂಡಲ್ಲಿಗೆ ಮಾಲೆ ಸುತ್ತಿ, ಗಾಲಿಗಳ ಕೆಳಗೆ ಒಂದೊಂದು ಲಿಂಬೆ ಇಟ್ಟು, ಮಾನಪ್ಪ ಹತ್ತಿರ ಬರುತ್ತಲೇ ಮಾರುದ್ದ ದೂರ ಸರಿದರು.

"ಮಾನ್ಯಾ, ಇನ್ನ ನೀನ ಹೊಡಿ. ಮಗಾ ಕುಡದು ಹೊಡದು ಸತ್ತ, ನೀನರ ನೆಟ್ಟಗ ಹೊಡಿ. ನೋಡು, ಎರಡೂ ಹೊಸಾವು ಹಾಕಿಸೇನಿ."

"ನನ್ನ ಮಗಾ ಕುಡೀತಿದ್ದಿಲ್ರಿ," ಅಂದಳು ಸಾವಿತ್ರವ್ವ.

ಅವಳು ಮುಂದಿನ ಗಾಲಿಯ ಬಳಿ ಕೂತು ಟೈರಿನ ಗೆರೆಯಲ್ಲಿ ಬೆರಳಿಟ್ಟಳು. ಇಡೀ ಉಗುರು ಒಳಗೆ ಮುಳುಗಿತು. ಇಷ್ಟೇ ಆಳ. ಕೆಳಗಿನ ಲಿಂಬೆಯನ್ನು ಎಳೆದು ತೆಗೆದು, ಜೋಕಾಲಿಯ ಮೇಲೆ ಸಾವಕಾರನ ಪಕ್ಕ ಇಟ್ಟು ಬಂದಳು.

"ಬಿಚ್ಚು," ಅಂದಳು ಗಂಡನಿಗೆ. "ಮುಂದಿಂದು ಬಿಚ್ಚು."

ಮಾನಪ್ಪ ಅವಳ ಮುಖ ನೋಡಿದ. ಆಮೇಲೆ ಗಾಡಿಯ ಪೆಟ್ಟಿಗೆಯಿಂದ ಪಾನಾ ತೆಗೆದ.

"ಏನ್ ಮಾಡಾಕತ್ತೀರಲೇ, ಭಾಡ್ಯಾಗೋಳ?"

"ಎಡಿ ಒಯ್ಯಾಕತ್ತೇವ್ರಿ. ಕಾಗಿ ಮುಟ್ಟಿಲ್ರಿ."

ನಟ್ಟು ಕಳಚಿತು. ಗಾಲಿ ಹೊರಬಂದೊಡನೆ ಗಾಡಿ ಮುಗ್ಗರಿಸಿ, ಮಾಲೆಯ ಸಮೇತ ಮೂತಿಯನ್ನು ನೆಲಕ್ಕೆ ಊರಿತು.

"ಕಳ್ಳರ! ಪೊಲೀಸರ್ನ ಕರಸ್ತೇನಿ, ಒದಿಸಿ ಒಳಗ ಹಾಕಸ್ತೇನಿ!"

"ಕರಸ್ರಿ. ಸುಡುಗಾಡಿಗೇ ಬರ್ರಿ ಅನ್ರಿ. ಅಲ್ಲೇ ಇರತೇವಿ."

ಅವಳು ಬೇಲಿಯಿಂದ ಒಂದು ಕಟ್ಟಿಗೆ ಮುರಿದುಕೊಂಡು ಗಾಲಿಗೆ ಬಡಿದಳು. ಗಾಲಿ ಉರುಳಿತು. ಸಣ್ಣವನಿದ್ದಾಗ ಮುತ್ತುರಾಜ ಹೀಗೆಯೇ ಹರಿದ ಟೈರು ಉರುಳಿಸುತ್ತ, ತುಟಿಯಲ್ಲೇ ಮೋಟಾರು ಹೊಡೆಯುತ್ತ ಕೇರಿ ಸುತ್ತುತ್ತಿದ್ದ. ವಾಲಿದ ಗಾಲಿಯನ್ನು ಮಾನಪ್ಪ ಓಡಿ ಬಂದು ನೆಟ್ಟಗೆ ಮಾಡಿದ. ಸಾವಿತ್ರವ್ವ ಮತ್ತೆ ಬಡಿದಳು. ಅವಳ ತುಟಿ ಅದುರಿದವು. ಮೊದಲು ಗಾಳಿ ಮಾತ್ರ ಬಂತು, ಆಮೇಲೆ ಸಣ್ಣಗೆ ಬುರ್ರ್ ಎಂಬ ಸದ್ದು.

ಸುಡುಗಾಡಿನ ದಾರಿ ಇನ್ನೂ ಹಸಿಯಾಗಿತ್ತು. ಎರೆಮಣ್ಣಿನಲ್ಲಿ ಹೊಸ ಟೈರಿನ ಗೆರೆಗಳು ಒಂದೂ ಅಳಿಯದೆ ಮೂಡುತ್ತ ಹೋದವು.